ಕಾಲ ಬದಲಾಗುವಾಗ ಸಂಘದ ನಾಯಕತ್ವ

(ಸಂಘದ ರಜತ ಮಹೋತ್ಸವದ ಅಂಗವಾಗಿ ಜರುಗಿದ ಸಹಕಾರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಿಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ನನಗೆ ಕೊಟ್ಟಿರುವ ವಿಷಯ "ಬದಲಾಗುವ ಕಾಲಕ್ಕೆ ಒಗ್ಗುವ ನಾಯಕತ್ವ". ಹೆಸರು ಸ್ವಲ್ಪ ಭಾರವಾಗಿದೆ. ಆದರೆ ವಿಷಯ ನಮ್ಮ ನಿಮ್ಮೆಲ್ಲರ ಮನೆಯ ಮುಂದಿನದೇ. ಅಧ್ಯಕ್ಷರಾದವರು, ನಿರ್ದೇಶಕರಾದವರು, ಕಾರ್ಯದರ್ಶಿಯಾಗಿ ದುಡಿಯುವವರು, ಇವರಿಗೆಲ್ಲ ಕಾಲ ಒಂದೊಂದು ಸಲ ಒಂದೊಂದು ಪ್ರಶ್ನೆ ಹಾಕುತ್ತದೆ. ನಿನ್ನೆ ಸರಿಯಿದ್ದ ಉತ್ತರ ಇವತ್ತಿನ ಪ್ರಶ್ನೆಗೆ ಸರಿಹೋಗದಿದ್ದಾಗ ಏನು ಮಾಡಬೇಕು? ಇಷ್ಟೇ ವಿಷಯ.

ಇದಕ್ಕೆ ನಮ್ಮಲ್ಲಿ ಎರಡು ಗಾದೆಗಳಿವೆ. ಒಂದು, ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕಿಕೊಳ್ಳಬಾರದು. ಇನ್ನೊಂದು, ಗಾಳಿ ಬಂದಾಗ ತೂರಿಕೋ. ಈ ಎರಡನೆಯದನ್ನು ಹಲವರು ತಪ್ಪಾಗಿ ತಿಳಿಯುತ್ತಾರೆ. ಗಾಳಿ ಬಂದ ಕಡೆಗೆ ವಾಲಿಕೊಳ್ಳು ಎಂದು ಅದರ ಅರ್ಥವಲ್ಲ. ಗೆರಸೆಯಲ್ಲಿ ಭತ್ತ ತೂರಿದವರಿಗೆ ಗೊತ್ತು, ತೂರುವಾಗ ಹಾರುವುದು ಹೊಟ್ಟು. ಕಾಳು ನಮ್ಮ ಕಾಲಬುಡದಲ್ಲೇ ಬೀಳುತ್ತದೆ. ಕಾಲಕ್ಕೆ ಒಗ್ಗುವ ನಾಯಕನ ಕೆಲಸವೂ ಇದೇ. ಯಾವುದು ಕಾಳು, ಯಾವುದು ಹೊಟ್ಟು ಎಂಬುದು ಅವನಿಗೆ ತಿಳಿದಿರಬೇಕು. ಹೊಟ್ಟನ್ನು ಬಿಡಲಾರದವನು ಹಟಮಾರಿ. ಕಾಳನ್ನೂ ಗಾಳಿಗೆ ಬಿಟ್ಟವನು ಅವಕಾಶವಾದಿ. ಇವರಿಬ್ಬರಿಂದಲೂ ಸಂಘಕ್ಕೆ ನಷ್ಟವೇ.

ಹಾಲಿನ ಸಂಘದಲ್ಲಿ ಕಾಳು ಯಾವುದು? ನನ್ನ ತಿಳುವಳಿಕೆಯಲ್ಲಿ ಮೂರೇ ಮೂರು. ಒಂದು, ಅಳತೆ ಮತ್ತು ಪರೀಕ್ಷೆಯಲ್ಲಿ ಪ್ರಾಮಾಣಿಕತೆ. ಎರಡು, ಹೇಳಿದ ದಿನಕ್ಕೆ ಹಾಲಿನ ಹಣ. ಮೂರು, ಒಬ್ಬ ಸದಸ್ಯನಿಗೆ ಒಂದೇ ಮತ. ಹತ್ತು ದನ ಕಟ್ಟಿದವನಿಗೂ ಒಂದು, ಒಂದು ದನ ಕಟ್ಟಿದವಳಿಗೂ ಒಂದು. ಉಳಿದದ್ದೆಲ್ಲ, ಅಂದರೆ ಕ್ಯಾನು, ಪುಸ್ತಕ, ಹೊತ್ತು, ಯಂತ್ರ, ಹಣ ಕೊಡುವ ಕ್ರಮ, ಕೊನೆಗೆ ಅಧ್ಯಕ್ಷರ ಕುರ್ಚಿಯೂ ಸಹ, ಕಾಲಕ್ಕೆ ತಕ್ಕಂತೆ ಬದಲಾಗಬಹುದಾದದ್ದು.

ಸಹಕಾರ ಚಳವಳಿಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ನಮ್ಮ ದೇಶದಲ್ಲಿ ಸಹಕಾರದ ಮೊದಲ ಕಾಯ್ದೆ ಬಂದದ್ದು 1904ರಲ್ಲಿ. ಅದು ಪತ್ತಿನ ಸಂಘಗಳಿಗೆ ಮಾತ್ರ, ಅಂದರೆ ಸಾಲ ಕೊಟ್ಟು ವಸೂಲು ಮಾಡುವ ಸಂಘಗಳಿಗೆ ಮಾತ್ರ ಅವಕಾಶ ಕೊಟ್ಟಿತ್ತು. ಮರುವರ್ಷ, 1905ರಲ್ಲಿ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘವೂ ಪತ್ತಿನ ಸಂಘವೇ. ಆದರೆ ಬೇಸಾಯಗಾರನ ಕಷ್ಟ ಸಾಲದಿಂದ ಮಾತ್ರ ತೀರುವಂಥದ್ದಲ್ಲವಲ್ಲ! ಬೆಳೆದದ್ದನ್ನು ಮಾರಬೇಡವೆ? ಬೀಜ ಗೊಬ್ಬರ ಕೊಳ್ಳಬೇಡವೆ? ಎಂಟೇ ವರ್ಷದಲ್ಲಿ, 1912ರಲ್ಲಿ, ಸರ್ಕಾರ ಹೊಸ ಕಾಯ್ದೆ ತಂದು ಬೇರೆ ಬೇರೆ ಉದ್ದೇಶದ ಸಂಘಗಳಿಗೂ ದಾರಿ ತೆರೆಯಬೇಕಾಯಿತು. ಕಾಯ್ದೆಯೇ ಕಾಲಕ್ಕೆ ಬಾಗಿದೆ ಎಂದ ಮೇಲೆ ಕಾಯ್ದೆಯಡಿ ಕೂತ ನಾವು ಬಾಗದಿದ್ದರೆ ಹೇಗೆ? ನಮ್ಮ ಜಿಲ್ಲೆಯಲ್ಲಿ ಮೊಳಹಳ್ಳಿ ಶಿವರಾಯರು ವಕೀಲರಾಗಿದ್ದವರು. ಕೋರ್ಟಿನ ಕೆಲಸ ಬಲ್ಲ ಅವರು ಲೆಕ್ಕ, ಪತ್ತು, ಬ್ಯಾಂಕು ಇವನ್ನೆಲ್ಲ ಕಲಿತು 1914ರಲ್ಲಿ ಪುತ್ತೂರಿನಲ್ಲಿ ಜಿಲ್ಲೆಯ ಸಹಕಾರ ಬ್ಯಾಂಕಿಗೆ ತಳಪಾಯ ಹಾಕಿದರು. ಕಲಿಯುವುದಕ್ಕೆ ಅವರಿಗೆ ಪ್ರಾಯ ಅಡ್ಡಬರಲಿಲ್ಲ, ಪದವಿಯೂ ಅಡ್ಡಬರಲಿಲ್ಲ.

ಈಗ ಹಾಲಿನ ಕಡೆಗೆ ಬರುವ. ಹಾಲಿನ ಸಹಕಾರ ಎಂದ ಕೂಡಲೇ ಗುಜರಾತಿನ ಆನಂದ್ ನೆನಪಾಗುತ್ತದೆ. ಅಲ್ಲಿಯ ಕಥೆಯಲ್ಲಿ ನಮಗೆ ಬೇಕಾದ ಭಾಗವನ್ನು ಮಾತ್ರ ಹೇಳುತ್ತೇನೆ. ಖೇಡಾ ಜಿಲ್ಲೆಯ ರೈತರು ಖಾಸಗಿ ಡೇರಿಯ ಗುತ್ತಿಗೆದಾರರು ಕೊಟ್ಟಷ್ಟಕ್ಕೆ ಹಾಲು ಕೊಡಬೇಕಾಗಿದ್ದ ಕಾಲ ಅದು. 1946ರ ಜನವರಿಯಲ್ಲಿ ಸಭೆ ಸೇರಿ, ಹಾಲು ಕೊಡುವುದನ್ನೇ ನಿಲ್ಲಿಸಿದರು. ಆ ವರ್ಷ ಡಿಸೆಂಬರಿನಲ್ಲಿ ಜಿಲ್ಲಾ ಒಕ್ಕೂಟ ನೋಂದಣಿಯಾಯಿತು. ತ್ರಿಭುವನದಾಸ್ ಪಟೇಲರು ಅದರ ಅಧ್ಯಕ್ಷರು. 1949ರಲ್ಲಿ ವರ್ಗೀಸ್ ಕುರಿಯನ್ ಎಂಬ ತರುಣ ಇಂಜಿನಿಯರು ಸರ್ಕಾರಿ ಕೆಲಸದ ಮೇಲೆ ಆನಂದಕ್ಕೆ ಬಂದರು. ಅವರು ಬಂದದ್ದು ಇಷ್ಟಪಟ್ಟಲ್ಲ; ವಿದ್ಯಾರ್ಥಿವೇತನದ ಕರಾರಿನ ಪ್ರಕಾರ ಬರಲೇಬೇಕಾಗಿತ್ತು. ಕರಾರು ತೀರಿದ ಮೇಲೆ ಹೊರಡುವ ತಯಾರಿಯಲ್ಲಿದ್ದವರನ್ನು ತ್ರಿಭುವನದಾಸರು ಒಕ್ಕೂಟದ ಹಳೇ ಯಂತ್ರಗಳನ್ನು ಸರಿಮಾಡಿಕೊಡಿ ಎಂದು ನಿಲ್ಲಿಸಿಕೊಂಡರು. ಆ ನಿಂತದ್ದು ನಿಂತೇ ಬಿಟ್ಟರು.

ಅಲ್ಲಿಯ ರೈತರದ್ದು ಎಮ್ಮೆ ಹಾಲು. ಚಳಿಗಾಲದಲ್ಲಿ ಎಮ್ಮೆಗಳು ಬೇಸಿಗೆಯಲ್ಲಿ ಕೊಡುವುದಕ್ಕಿಂತ ಬಹಳ ಹೆಚ್ಚು ಹಾಲು ಕೊಡುತ್ತವೆ. ಬೊಂಬಾಯಿಗೆ ಅಷ್ಟು ಹಾಲು ಬೇಡ. ಹೆಚ್ಚಾದ ಹಾಲನ್ನು ಏನು ಮಾಡುವುದು? ಹುಡಿ ಮಾಡಿದರೆ ಇಡಬಹುದು. ಆದರೆ ಎಮ್ಮೆ ಹಾಲಿನಿಂದ ಹಾಲಿನ ಹುಡಿ ಮಾಡಲಾಗದು ಎಂದು ಪರದೇಶದ ತಜ್ಞರ ಅಭಿಪ್ರಾಯ. ಆ ದೇಶಗಳಲ್ಲಿ ಇದ್ದದ್ದು ದನದ ಹಾಲು. ಅವರ ಯಂತ್ರ, ಅವರ ಪುಸ್ತಕ ಎಲ್ಲ ಅದಕ್ಕೇ. ಕುರಿಯನ್ನರ ಸ್ನೇಹಿತ ಎಚ್.ಎಂ. ದಲಾಯ ಎಂಬ ಡೇರಿ ತಂತ್ರಜ್ಞರು ಇದು ಆಗುತ್ತದೆ ಎಂದರು, ಮಾಡಿಯೂ ತೋರಿಸಿದರು. 1955ರ ಅಕ್ಟೋಬರ್ 31ರಂದು ಪ್ರಧಾನಿ ನೆಹರೂರವರು ಆ ಕಾರ್ಖಾನೆಯನ್ನು ಉದ್ಘಾಟಿಸಿದರು.

ಇದರಲ್ಲಿ ನಾಯಕತ್ವದ ಪಾಠ ಎಲ್ಲಿದೆ? ಅಧ್ಯಕ್ಷರಾದ ತ್ರಿಭುವನದಾಸರಿಗೆ ಯಂತ್ರದ ವಿದ್ಯೆ ಇರಲಿಲ್ಲ. ಬಲ್ಲವನನ್ನು ಹುಡುಕಿ, ಹತ್ತಿರ ಇರಿಸಿಕೊಂಡು, ಅವನ ಕೆಲಸಕ್ಕೆ ಅಡ್ಡಿಬಾರದ ಹಾಗೆ ರೈತರ ಕಡೆಯನ್ನು ತಾವು ಹಿಡಿದುಕೊಂಡರು. ಕುರಿಯನ್ನರಿಗೆ ಎಮ್ಮೆ ಹಾಲಿನ ಹುಡಿಯ ವಿದ್ಯೆ ದಲಾಯರಷ್ಟು ಇರಲಿಲ್ಲ. ಅವರು ಸಹ ಬಲ್ಲವರ ಮಾತು ಕೇಳಿದರು. ಅಂದರೆ ಎಲ್ಲ ಬಲ್ಲೆ ಎನ್ನುವವನಿಂದ ಇದು ಆದದ್ದಲ್ಲ. "ಇದು ನನಗೆ ಗೊತ್ತಿಲ್ಲ, ನೀವು ಹೇಳಿ" ಎನ್ನಬಲ್ಲ ಇಬ್ಬರಿಂದ ಆದದ್ದು. ನಮ್ಮ ಸಂಘಗಳ ಮೀಟಿಂಗುಗಳಲ್ಲಿ ಈ ಮಾತು ಎಷ್ಟು ಸಲ ಕೇಳಿಬರುತ್ತದೆ ಎಂದು ನಾವೇ ಯೋಚಿಸಬೇಕು. ಇನ್ನೊಂದು ಸಂಗತಿ. ರೈತನಿಗೆ ವರ್ಷಪೂರ್ತಿ ಹಾಲಿಗೆ ಮಾರ್ಕೆಟ್ಟು ಸಿಗಬೇಕು ಎಂಬ ಗುರಿಯನ್ನು ಅವರು ಬದಲಿಸಲಿಲ್ಲ. ದಾರಿಯನ್ನು ಮಾತ್ರ ಬದಲಿಸಿದರು.

ಆನಂದ್ ದೂರವಾಯಿತು ಅನ್ನುವವರಿಗೆ ನಮ್ಮ ತೋಟದ್ದೇ ಉದಾಹರಣೆ ಇದೆ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಅಡಿಕೆ ತೋಟ ಇರುವವರೇ. ಎಪ್ಪತ್ತರ ದಶಕದ ಮೊದಲಿಗೆ ಅಡಿಕೆಯ ಧಾರಣೆ ನೆಲಕಚ್ಚಿದ ಸಂಗತಿ ಹಿರಿಯರಿಗೆ ನೆನಪಿರಬಹುದು. ಆ ಸಂಕಟದಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಅಡಿಕೆ ಖರೀದಿಸಬೇಕು, ಮಾರಬೇಕು, ಧಾರಣೆ ಬೀಳದಂತೆ ನೋಡಿಕೊಳ್ಳಬೇಕು. ಕೆಲಸ ಸ್ಪಷ್ಟವಾಗಿತ್ತು.

ಅದೇ ಕಾಲದಲ್ಲಿ ಅಡಿಕೆಯ ನಡುವೆ ಉಪಬೆಳೆಯಾಗಿ ಕೊಕ್ಕೊ ಹಾಕಿ ಎಂದು ರೈತರಿಗೆ ಪ್ರೋತ್ಸಾಹ ಸಿಕ್ಕಿತ್ತು. ಗಿಡ ಬೆಳೆದು ಫಸಲು ಬರುವ ಹೊತ್ತಿಗೆ, 1980ರ ಸುಮಾರಿಗೆ, ಹೊರದೇಶದ ಮಾರುಕಟ್ಟೆಯಲ್ಲಿ ಬೆಲೆ ಬಿತ್ತು, ಕೊಳ್ಳುವವರು ಹಿಂದೆ ಸರಿದರು. ಕೊಕ್ಕೊ ಬೀಜ ಕೈಯಲ್ಲಿ ಹಿಡಿದುಕೊಂಡು ರೈತರು ಯಾರ ಹತ್ತಿರ ಹೋಗುವುದು? ಆಗ ಕ್ಯಾಂಪ್ಕೊ ಅದಕ್ಕೂ ಕೈಹಾಕಿತು.

ಇದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ ಸ್ವಾಮಿ. ಅಡಿಕೆ ಒಣಗಿಸಿಟ್ಟರೆ ಹಾಳಾಗುವುದಿಲ್ಲ. ಧಾರಣೆ ಸರಿಯಿಲ್ಲವೆ, ಗೋದಾಮಿನಲ್ಲಿ ಇಡಿ, ಬೆಲೆ ಬಂದಾಗ ತೆಗೆಯಿರಿ. ಕೊಕ್ಕೊದ ಹಸಿ ಬೀಜ ಹಾಗಲ್ಲ. ಅದು ಹಾಲಿನ ಜಾತಿಯದ್ದು, ಕಾಯುವುದಿಲ್ಲ. ಹಣ್ಣು ಒಡೆದ ಕೂಡಲೇ ಕೊಂಡುಹೋಗಬೇಕು, ಹುದುಗಿಸಬೇಕು, ಒಣಗಿಸಬೇಕು. ಇಲ್ಲದಿದ್ದರೆ ಗುಣ ಕೆಟ್ಟಿತು. ಅಂದರೆ ಅಡಿಕೆಗಾಗಿ ಕಲಿತ ಅಭ್ಯಾಸಗಳಲ್ಲಿ ಹಲವು ಕೊಕ್ಕೊಗೆ ಒದಗುವುದಿಲ್ಲ. ಖರೀದಿಯ ಹೊತ್ತು ಬೇರೆ, ಸಾಗಾಟ ಬೇರೆ, ಸಿಬ್ಬಂದಿಗೆ ಬೇಕಾದ ತರಬೇತಿ ಬೇರೆ. ಮತ್ತೆ ಬೀಜವನ್ನು ಬೀಜವಾಗಿಯೇ ಮಾರುತ್ತಾ ಕೂತರೆ ಪುನಃ ಪರದೇಶದ ಬೆಲೆಗೇ ಜೋತುಬೀಳಬೇಕು. ಆದ್ದರಿಂದ 1986ರ ಸೆಪ್ಟೆಂಬರಿನಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯೇ ತಲೆಯೆತ್ತಿತು. ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗರು ಅದನ್ನು ಉದ್ಘಾಟಿಸಿದರು. ಅಡಿಕೆ ಸೊಸೈಟಿಯವರು ಮಕ್ಕಳ ಮಿಠಾಯಿ ಮಾಡಿದರು!

"ನಮ್ಮದು ಅಡಿಕೆಯ ಸಂಘ, ಕೊಕ್ಕೊ ನಮಗೆ ಸಂಬಂಧಿಸಿದ್ದಲ್ಲ" ಎಂದು ಒಂದು ನಿರ್ಣಯ ಬರೆದು ಕೈತೊಳೆದುಕೊಂಡಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಆದರೆ ಅಂದಿನ ಮುಂದಾಳುಗಳು ಸಂಘದ ಬೋರ್ಡನ್ನು ನೋಡಲಿಲ್ಲ, ಸದಸ್ಯನ ತೋಟವನ್ನು ನೋಡಿದರು. ತೋಟದಲ್ಲಿ ಅಡಿಕೆ ಮರದ ಬುಡದಲ್ಲೇ ಕೊಕ್ಕೊ ಗಿಡ ಇತ್ತು. ರೈತ ಅದೇ ರೈತ. ಕಾಲಕ್ಕೆ ಒಗ್ಗುವ ನಾಯಕ ಮೊದಲು ಕೇಳಬೇಕಾದ ಪ್ರಶ್ನೆ ಇದು: "ನಮ್ಮ ಸಂಘ ಈವರೆಗೆ ಏನು ಮಾಡುತ್ತಾ ಬಂದಿದೆ?" ಎಂದಲ್ಲ, "ನಮ್ಮ ಸದಸ್ಯನ ಹಟ್ಟಿಯಲ್ಲಿ, ತೋಟದಲ್ಲಿ, ಮನೆಯಲ್ಲಿ ಈಗ ಏನು ನಡೀತಾ ಇದೆ?" ಎಂದು.

ಇನ್ನು ನಿಮ್ಮ ಸಂಘಕ್ಕೆ ಬರೋಣ. ಈ ಇಪ್ಪತ್ತೈದು ವರ್ಷಗಳಲ್ಲಿ ಹಾಲಿನ ಸಂಘಗಳು ಕಂಡ ಬದಲಾವಣೆ ಸಣ್ಣದಲ್ಲ. ಮೊದಲು ಲ್ಯಾಕ್ಟೋಮೀಟರ್ ಮುಳುಗಿಸಿ ಡಿಗ್ರಿ ನೋಡುತ್ತಿದ್ದರು. ಅದರ ಕಷ್ಟ ಏನೆಂದರೆ, ಹಾಲಿನ ಕೆನೆ ತೆಗೆದರೆ ಡಿಗ್ರಿ ಏರುತ್ತದೆ, ನೀರು ಸೇರಿಸಿದರೆ ಇಳಿಯುತ್ತದೆ. ಎರಡೂ ಮಾಡಿದವನ ಹಾಲು ಲ್ಯಾಕ್ಟೋಮೀಟರಿನ ಮುಂದೆ ಸಾಚಾ ಹಾಲಿನ ಹಾಗೆ ನಿಲ್ಲುತ್ತದೆ. ಅದಕ್ಕಾಗಿ ಫ್ಯಾಟ್ ಪರೀಕ್ಷೆ ಬೇಕಾಯಿತು. ಆಸಿಡ್ ಹಾಕಿ, ಬ್ಯುಟಿರೋಮೀಟರನ್ನು ಯಂತ್ರದಲ್ಲಿ ತಿರುಗಿಸಿ, ಬಿಸಿ ನೀರಿನಲ್ಲಿಟ್ಟು ಕಣ್ಣಳತೆಯಲ್ಲಿ ಓದುವುದು. ಪರೀಕ್ಷಕನ ಅಂಗಿಗೆಲ್ಲ ಆಸಿಡ್ಡಿನ ತೂತು. ಆಮೇಲೆ ಮಿಲ್ಕ್ ಅನಲೈಸರ್ ಬಂತು. ಸ್ವಲ್ಪ ಹೊತ್ತಿನಲ್ಲಿ ಫ್ಯಾಟು, ಎಸ್‌ಎನ್‌ಎಫ್ ಎರಡನ್ನೂ ತೋರಿಸಿ ಚೀಟಿ ಕೊಡುತ್ತದೆ. ಕಾಗದದ ಪುಸ್ತಕದ ಜಾಗಕ್ಕೆ ಕಂಪ್ಯೂಟರ್, ನಗದಿನ ಬಟವಾಡೆಯ ಜಾಗಕ್ಕೆ ಬ್ಯಾಂಕ್ ಖಾತೆ, ಕ್ಯಾನಿನ ಜಾಗಕ್ಕೆ ಬಲ್ಕ್ ಮಿಲ್ಕ್ ಕೂಲರ್.

ಈ ಕೂಲರಿನ ಬಗ್ಗೆ ಒಂದು ಮಾತು ವಿವರವಾಗಿ ಹೇಳಬೇಕು. ಯಂತ್ರ ಬಂದರೆ ಕೆಲಸ ಹಗುರ ಎಂದು ನಾವು ತಿಳಿಯುತ್ತೇವೆ. ನಮ್ಮ ಕರಾವಳಿಯ ಸೆಕೆಯಲ್ಲಿ ಹಾಲು ಕೆಲವೇ ಗಂಟೆಯಲ್ಲಿ ಹುಳಿಯುತ್ತದೆ. ಕೂಲರಿನಲ್ಲಿ ನಾಲ್ಕು ಡಿಗ್ರಿಗೆ ಇಳಿಸಿ ಇಟ್ಟರೆ ಲಾರಿಗೆ ಕಾಯಬಹುದು. ಒಪ್ಪಿದೆ. ಆದರೆ ಮೊದಲು ಕ್ಯಾನಿನ ಕಾಲದಲ್ಲಿ ಒಬ್ಬನ ಹಾಲು ಕೆಟ್ಟಿದ್ದರೆ ಹೋಗುತ್ತಿದ್ದದ್ದು ಒಂದು ಕ್ಯಾನು. ಈಗ ಒಬ್ಬನ ಹಾಲು ಕೆಟ್ಟಿದ್ದರೆ ಊರಿನ ಹಾಲೇ ಹೋಗುತ್ತದೆ. ಅಂದರೆ ಯಂತ್ರ ಬಂದ ಮೇಲೆ ಬಾಗಿಲಲ್ಲಿ ವಾಸನೆ ನೋಡಿ, ಪಾತ್ರೆ ನೋಡಿ ಹಾಲು ತಕ್ಕೊಳ್ಳುವ ಶಿಸ್ತು ಸಡಿಲವಾಗುವಂತಿಲ್ಲ, ಇನ್ನೂ ಬಿಗಿಯಾಗಬೇಕು. "ನಮ್ಮ ಮಾವನ ಮನೆಯ ಹಾಲು, ಹೇಗೆ ಬೇಡ ಅನ್ನುವುದು ಮಾರಾಯ್ರೆ" ಎಂಬ ದಾಕ್ಷಿಣ್ಯ ಕ್ಯಾನಿನ ಕಾಲದಲ್ಲಿ ಹೇಗೋ ನಡೆಯುತ್ತಿತ್ತೋ ಏನೋ, ಕೂಲರಿನ ಕಾಲದಲ್ಲಿ ನಡೆಯದು. ಹೊಸ ಸಲಕರಣೆಯನ್ನು ಹಳೆಯ ಅಭ್ಯಾಸದಿಂದ ನಡೆಸುವುದೇ ಹೆಚ್ಚಿನ ಸಂಘಗಳ ಸೋಲಿಗೆ ಕಾರಣ. ಸಲಕರಣೆಗೆ ಹಣ ಮಂಜೂರು ಮಾಡಿಸುವುದು ಸುಲಭ. ಅಭ್ಯಾಸ ಬದಲಿಸುವುದೇ ನಾಯಕನ ನಿಜವಾದ ಕೆಲಸ.

ಬದಲಾವಣೆಗಳಲ್ಲಿ ಕೆಲವು ಹೇಳಿಕೇಳಿ ಬರುತ್ತವೆ, ಕೆಲವು ಹೇಳದೆ ಬರುತ್ತವೆ. 2016ರ ನವೆಂಬರ್ 8ರ ರಾತ್ರಿ ದೊಡ್ಡ ನೋಟುಗಳು ರದ್ದಾದವು. ಆರೇ ದಿನಕ್ಕೆ, ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕುಗಳು ಹಳೆಯ ನೋಟು ತೆಗೆದುಕೊಳ್ಳಬಾರದೆಂದು ರಿಸರ್ವ್ ಬ್ಯಾಂಕಿನ ಆದೇಶವೂ ಬಂತು. ದನಕ್ಕೆ ನೋಟು ರದ್ದಾದದ್ದು ಗೊತ್ತಿಲ್ಲ. ಅದಕ್ಕೆ ಹೊತ್ತಿಗೆ ಸರಿಯಾಗಿ ಹಿಂಡಿ ಬೇಕು. ಹಾಲಿನ ಬಿಲ್ಲಿನಲ್ಲಿ ಹಿಡಿದುಕೊಳ್ಳುವ ಕರಾರಿನ ಮೇಲೆ ಪಶು ಆಹಾರ ಕೊಡುವ ಪದ್ಧತಿ ಇದ್ದ ಕಡೆ ಸದಸ್ಯರಿಗೆ ಅದೇ ಆಧಾರ. 2020ರ ಮಾರ್ಚಿನಲ್ಲಿ ಕೊರೋನಾ ಲಾಕ್‌ಡೌನ್ ಬಂದಾಗ ಹೋಟೆಲು ಮುಚ್ಚಿತು, ಮದುವೆ ನಿಂತಿತು, ಹಾಲು ಮಾತ್ರ ನಿಲ್ಲಲಿಲ್ಲ. ರಾಜ್ಯ ಸರ್ಕಾರ ಉಳಿದ ಹಾಲನ್ನು ಬಡವರಿಗೆ ಉಚಿತವಾಗಿ ಹಂಚಿತು. 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲಾ ಮಕ್ಕಳಿಗೆ ಹಾಲಿನ ಹುಡಿ ಹೋಗುವುದೂ ಇದೇ ಬಗೆಯ ದಾರಿ. 1955ರಲ್ಲಿ ಆನಂದದಲ್ಲಿ ಎದುರಾದ ಪ್ರಶ್ನೆಯೇ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ, ನೋಡಿ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಪರಿಸ್ಥಿತಿ ಇನ್ನೊಂದು ರೀತಿ. ರೋಗದ ದನವನ್ನು ಬೇರೆ ಕಟ್ಟಬೇಕು, ಲಸಿಕೆ ಹಾಕಿಸಬೇಕು, ಜಾನುವಾರು ಜಾತ್ರೆ ನಿಲ್ಲಬೇಕು. ಡಾಕ್ಟ್ರು ಹೇಳಿದರೆ ಕೇಳದವರು ಊರಿನ ಸಂಘದ ಅಧ್ಯಕ್ಷರು ಮೊದಲು ತಮ್ಮ ಹಟ್ಟಿಯ ದನಕ್ಕೇ ಲಸಿಕೆ ಹಾಕಿಸಿದರೆ ಕೇಳುತ್ತಾರೆ. ಬದಲಾವಣೆಗೆ ತಾನೇ ಮೊದಲು ಮೈಯೊಡ್ಡದ ನಾಯಕನ ಉಪದೇಶ ಕೊಟ್ಟಿಗೆಯ ಬಾಗಿಲು ದಾಟುವುದಿಲ್ಲ.

ಹಾಗಾದರೆ ಒಗ್ಗುವುದನ್ನು ಕಲಿಯುವುದು ಹೇಗೆ? ಇದೊಂದು ಜನ್ಮದಿಂದ ಬರುವ ಗುಣವೆಂದು ನನಗೆ ಅನಿಸುವುದಿಲ್ಲ. ಅಭ್ಯಾಸದಿಂದ ಬರುವಂಥದ್ದು. ನಾಲ್ಕು ಅಭ್ಯಾಸಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಒಂದನ್ನು ಹಿಡಿಯುವ ತನಕ ಇನ್ನೊಂದನ್ನು ಬಿಡಬೇಡಿ. ಅಡಿಕೆ ತೆಗೆಯುವವರನ್ನು ನೋಡಿದ್ದೀರಲ್ಲ. ಮರದ ತುದಿಯಲ್ಲಿ ಕೂತು, ಮರವನ್ನು ತೂಗಿ, ಪಕ್ಕದ ಮರಕ್ಕೆ ದಾಟುತ್ತಾರೆ. ಎರಡನೇ ಮರ ಕೈಗೆ ಗಟ್ಟಿಯಾಗಿ ಸಿಗುವ ತನಕ ಮೊದಲನೇ ಮರವನ್ನು ಬಿಡುವುದಿಲ್ಲ. ಹಾಗೆಂದು ಮೊದಲನೇ ಮರದಲ್ಲೇ ಕೂತರೆ ಆ ದಿನದ ಕೊಯ್ಲು ಒಂದು ಗೊನೆಗೆ ಮುಗಿಯಿತು! ಒಂದು ಉದಾಹರಣೆ ಇಟ್ಟುಕೊಳ್ಳಿ. ಸಂಘಕ್ಕೆ ಹೊಸ ಅನಲೈಸರ್ ಬಂದಿದೆ. ದಿನಕ್ಕೆ ಎರಡು ಲೀಟರ್ ಹಾಲು ತರುವ ಅಜ್ಜಿಗೆ ನಿನ್ನೆಗಿಂತ ಇವತ್ತು ಫ್ಯಾಟು ಕಡಿಮೆ ತೋರಿಸಿತು. ಅಜ್ಜಿಗೆ ಯಂತ್ರದ ಮೇಲಲ್ಲ, ಸಂಘದ ಮೇಲೇ ಸಂಶಯ ಬರುತ್ತದೆ. ಆಗ "ಮಿಷನ್ ಸುಳ್ಳು ಹೇಳುವುದಿಲ್ಲ ಅಜ್ಜಿ" ಎಂದು ಬಾಯಿ ಮುಚ್ಚಿಸಬಾರದು. ಯಾಕೆಂದರೆ ಮಿಷನ್ ಸಹ ಸುಳ್ಳು ಹೇಳುತ್ತದೆ. ಸರಿಯಾಗಿ ತೊಳೆಯದಿದ್ದರೆ, ಹೊತ್ತುಹೊತ್ತಿಗೆ ತಾಳೆ ನೋಡಿ ಸರಿಪಡಿಸದಿದ್ದರೆ ಅದರ ಲೆಕ್ಕವೂ ತಪ್ಪುತ್ತದೆ. ಒಂದು ಹದಿನೈದು ದಿನ ಹೊಸ ಯಂತ್ರದ ಜೊತೆಗೆ ಹಳೆಯ ಪರೀಕ್ಷೆಯನ್ನೂ ಸದಸ್ಯರ ಎದುರಿನಲ್ಲೇ ಮಾಡಿ, ಎರಡರ ಲೆಕ್ಕವನ್ನೂ ಬೋರ್ಡಿನ ಮೇಲೆ ಬರೆಯಿರಿ. ಹದಿನೈದು ದಿನದ ಆ ಹೆಚ್ಚಿನ ಕೆಲಸ ಹದಿನೈದು ವರ್ಷದ ನಂಬಿಕೆಯನ್ನು ಉಳಿಸುತ್ತದೆ.

ಎರಡನೆಯದು, ಚಿಕ್ಕವರಿಂದ ಕಲಿಯುವ ಅಭ್ಯಾಸ. ಸಂಘದ ಹಾಲು ಪರೀಕ್ಷಕಿಗೆ ಕಂಪ್ಯೂಟರಿನ ವಿಷಯ ಅಧ್ಯಕ್ಷರಿಗಿಂತ ಹೆಚ್ಚು ಗೊತ್ತು. ಯಾವ ಮನೆಯಿಂದ ಹಾಲು ಕಡಿಮೆಯಾಗುತ್ತಿದೆ, ಯಾವ ಮನೆಯಲ್ಲಿ ದನ ಮಾರುವ ಮಾತು ನಡೆದಿದೆ ಎಂಬುದೂ ಅವಳಿಗೆ ಗೊತ್ತು. ಯಾಕೆಂದರೆ ದಿನಕ್ಕೆ ಎರಡು ಸಲ ಎಲ್ಲರ ಮುಖ ನೋಡುವವಳು ಅವಳೇ. ತಿಂಗಳಿಗೊಮ್ಮೆ ಮಂಡಳಿಯ ಸಭೆಯಲ್ಲಿ ಹತ್ತು ನಿಮಿಷ ಅವಳು ಮಾತಾಡಲಿ, ನಿರ್ದೇಶಕರು ಕೇಳಲಿ. ಅದೇ ರೀತಿ ಹೆಂಗಸರ ವಿಷಯ. ಹಟ್ಟಿ ಕೆಲಸದಲ್ಲಿ ಹೆಚ್ಚಿನ ಪಾಲು ಅವರದ್ದು. ಮಂಡಳಿಯಲ್ಲಿ ಅವರಿಗೆ ಕಾಯ್ದೆ ಸ್ಥಾನ ಮೀಸಲಿಟ್ಟಿದೆ. ಆದರೆ ಸ್ಥಾನ ಕೊಟ್ಟು, ಚಹಾ ಕೊಟ್ಟು, ರುಜು ಹಾಕಿಸಿ ಕಳಿಸಿದರೆ ಕಾಯ್ದೆ ಪಾಲಿಸಿದಂತಾಯಿತು, ಬುದ್ಧಿ ಬಳಸಿದಂತಾಗಲಿಲ್ಲ. ದನಕ್ಕೆ ಏನು ಬೇಕು ಎಂದು ದನ ಕರೆಯುವವರನ್ನು ಕೇಳದೆ ಇನ್ನಾರನ್ನು ಕೇಳುವುದು?

ಮೂರನೆಯದು, ಕೆಟ್ಟ ಸುದ್ದಿಯನ್ನು ಮೊದಲು ನಾವೇ ಹೇಳುವುದು. ಹಾಲಿನ ದರ ಇಳಿಯುತ್ತದೆ, ಬೋನಸ್ ಈ ವರ್ಷ ಕಡಿಮೆ, ಲಾರಿಯ ಹೊತ್ತು ಬದಲಾಗುತ್ತದೆ. ಇಂಥದ್ದನ್ನು ಸದಸ್ಯರು ಗೂಡಂಗಡಿಯಲ್ಲಿ ಕೇಳಿ ತಿಳಿಯಬಾರದು. ಸಂಘದ ಬೋರ್ಡಿನಲ್ಲಿ, ಸಾಧ್ಯವಾದರೆ ಅಧ್ಯಕ್ಷರ ಬಾಯಿಂದಲೇ, ಕಾರಣ ಸಮೇತ ತಿಳಿಯಬೇಕು. ಬದಲಾವಣೆಗೆ ಜನ ವಿರೋಧ ಮಾಡುವುದು ಬದಲಾವಣೆಗಾಗಿ ಅಲ್ಲ; ತಮ್ಮನ್ನು ಕೇಳದೆ, ತಮಗೆ ಹೇಳದೆ ಮಾಡಿದ್ದಕ್ಕಾಗಿ. ಕೇಳಿದವನಿಗೆ ಅರ್ಧ ಒಪ್ಪಿಗೆ ಆಗಲೇ ಸಿಕ್ಕಿದಂತೆ.

ನಾಲ್ಕನೆಯದು ಕಷ್ಟದ್ದು. ಕುರ್ಚಿ ಬಿಡುವ ಅಭ್ಯಾಸ. ಆನಂದದ ತ್ರಿಭುವನದಾಸರು ಇಪ್ಪತ್ತೈದು ವರ್ಷದಷ್ಟು ಕಾಲ ಒಕ್ಕೂಟವನ್ನು ನಡೆಸಿ, ಎಪ್ಪತ್ತರ ದಶಕದ ಮೊದಲಲ್ಲಿ ತಾವಾಗಿಯೇ ಸ್ಥಾನ ಬಿಟ್ಟುಕೊಟ್ಟರು. ತಾನಿಲ್ಲದಿದ್ದರೆ ಸಂಘ ನಡೆಯದು ಎಂದು ನಾಯಕನಿಗೆ ಅನಿಸತೊಡಗಿದರೆ ಅದು ಸಂಘದ ದೌರ್ಬಲ್ಯವೇ ಹೊರತು ನಾಯಕನ ಹೆಚ್ಚುಗಾರಿಕೆ ಅಲ್ಲ. ತನ್ನ ನಂತರದವರನ್ನು ತಯಾರು ಮಾಡಿದವನೇ ಕಾಲಕ್ಕೆ ಪೂರ್ತಿ ಒಗ್ಗಿದವನು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಒಗ್ಗುವುದು ಬೇರೆ, ವಾಲುವುದು ಬೇರೆ. ಖಾಸಗಿಯವರು ಊರಿಗೆ ಬಂದು ಲೀಟರಿಗೆ ಒಂದೆರಡು ರೂಪಾಯಿ ಹೆಚ್ಚು ಕೊಡುತ್ತೇನೆ ಎಂದರೆ ಕೆಲವರು ಹೋಗುತ್ತಾರೆ. ಸಂಘದವರು ಅವರ ಮೇಲೆ ಸಿಟ್ಟಾಗುವುದಕ್ಕಿಂತ ಮೊದಲು ಯಾಕೆ ಹೋದರು ಎಂದು ಅವರ ಮನೆಗೇ ಹೋಗಿ ಕೇಳಬೇಕು. ದರಕ್ಕಾಗಿ ಹೋದರೋ, ಸಂಘದಲ್ಲಿ ಬೆಳಗ್ಗೆ ಕ್ಯೂ ಉದ್ದ ಅಂತ ಹೋದರೋ, ಯಾರೋ ಒಂದು ದಿನ ಕಟುವಾಗಿ ಮಾತಾಡಿದ್ದಕ್ಕೆ ಹೋದರೋ? ಕ್ಯೂ ಸರಿಮಾಡಬಹುದು, ಮಾತು ಸರಿಮಾಡಬಹುದು. ಅದು ಒಗ್ಗುವುದು. ಅವರನ್ನು ಉಳಿಸಿಕೊಳ್ಳಲಿಕ್ಕೆ "ನಿಮ್ಮ ಹಾಲಿಗೆ ಸ್ವಲ್ಪ ಫ್ಯಾಟು ಹೆಚ್ಚು ಬರೆಯುವ" ಎಂದರೆ ಅದು ವಾಲುವುದು. ಆಗ ಹಾರಿದ್ದು ಹೊಟ್ಟಲ್ಲ, ಕಾಳು. ಒಬ್ಬರಿಗೆ ಹೆಚ್ಚು ಬರೆದ ಫ್ಯಾಟು ಇನ್ನೊಬ್ಬರ ಪಾತ್ರೆಯಿಂದಲೇ ಬರಬೇಕಲ್ಲ.

ಕೊನೆಯದಾಗಿ ಮುಂದಿನ ಇಪ್ಪತ್ತೈದು ವರ್ಷದ ಮಾತು. ಹಬ್ಬದ ದಿನ ಹೇಳಬಾರದು ಅಂತ ಸುಮ್ಮನಿದ್ದರೆ ಬೇರೆ ಯಾವ ದಿನ ಹೇಳುವುದು? ನಮ್ಮ ಕಡೆ ಹಟ್ಟಿಗಳು ಖಾಲಿಯಾಗುತ್ತಾ ಇವೆ. ಮಕ್ಕಳು ಬೆಂಗಳೂರು, ಮುಂಬಯಿ, ಗಲ್ಫ್ ಸೇರಿದ್ದಾರೆ. ಮನೆಯಲ್ಲಿ ಉಳಿದವರು ಪ್ರಾಯದವರು. ಹುಲ್ಲು ತರಲಿಕ್ಕೆ ಜನ ಇಲ್ಲ, ಹಿಂಡಿಗೆ ರೇಟು ಜಾಸ್ತಿ, ಸೊಂಟ ಬಗ್ಗುವುದಿಲ್ಲ. ಹಾಲು ಹಾಕುವ ಸದಸ್ಯರೇ ಇಲ್ಲವಾದರೆ ಎಷ್ಟು ಚಂದದ ಕಟ್ಟಡ ಇದ್ದು ಏನು ಫಲ? ಅಡಿಕೆಯ ಸಂಘಕ್ಕೆ ಕೊಕ್ಕೊ ಎದುರಾದ ಹಾಗೆ ಹಾಲಿನ ಸಂಘಕ್ಕೆ ಇದು ಎದುರಾಗಿದೆ. ಹಾಲು ತಂದರೆ ತಕ್ಕೊಳ್ಳುತ್ತೇವೆ ಎಂದು ಕಟ್ಟಡದಲ್ಲಿ ಕೂರುವ ಕಾಲ ಮುಗಿಯಿತು. ಇನ್ನು ಸಂಘ ಹಟ್ಟಿಗೆ ಹೋಗಬೇಕು. ರಸಮೇವು ಒಟ್ಟಿಗೆ ತರಿಸಿ ಮನೆಬಾಗಿಲಿಗೆ ಕೊಡಬಹುದೆ? ಕರೆಯುವ ಯಂತ್ರ ಹಿಡಿದು ಮನೆಮನೆಗೆ ಹೋಗುವ ಇಬ್ಬರು ಯುವಕರನ್ನು ಸಂಘವೇ ತಯಾರು ಮಾಡಬಹುದೆ? ಅಡಿಕೆ ಮರ ಹತ್ತುವವರು ಸಿಗದಾದಾಗ ಫೈಬರ್ ದೋಟಿ ಬಂತು, ಅದನ್ನು ಹಿಡಿಯಲು ಯುವಕರಿಗೆ ತರಬೇತಿ ಕೊಟ್ಟರು. ಹಟ್ಟಿಗೆ ಹಾಗೊಂದು ದಾರಿ ಇಲ್ಲವೆ? ಸೆಗಣಿಗೆ, ಗೋಬರ್ ಗ್ಯಾಸಿಗೆ, ಗೊಬ್ಬರಕ್ಕೆ ಒಂದು ಲೆಕ್ಕ ಹಾಕಬಹುದೆ? ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಹೊರಗಿನಿಂದ ಬಂದ ನಾನು ಹೇಳುವಂಥದ್ದಲ್ಲ. ನಿಮ್ಮ ಊರಿನ ಹುಲ್ಲು, ನೀರು, ಜನ ನಿಮಗೆ ಗೊತ್ತು. ಆದರೆ ಒಂದು ಕೆಲಸ ಮಾಡಿ. ಮುಂದಿನ ಮಹಾಸಭೆಗೆ ಮುಂಚೆ ನಿರ್ದೇಶಕರು ತಲಾ ಹತ್ತು ಮನೆ ಹಂಚಿಕೊಂಡು, ಕಳೆದ ಐದು ವರ್ಷದಲ್ಲಿ ಹಾಲು ಹಾಕುವುದನ್ನು ನಿಲ್ಲಿಸಿದ ಸದಸ್ಯರ ಮನೆಗೆ ಹೋಗಿ, ಯಾಕೆ ನಿಲ್ಲಿಸಿದಿರಿ ಎಂದು ಕೇಳಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಮಹಾಸಭೆಯ ಮುಂದೆ ಓದಿ. ಅದರಲ್ಲಿ ಒಂದು ಕಾರಣವನ್ನು, ಒಂದೇ ಒಂದನ್ನು, ಒಂದು ವರ್ಷದಲ್ಲಿ ಸರಿಪಡಿಸುತ್ತೇವೆ ಎಂದು ನಿರ್ಣಯ ಮಾಡಿ. ವರ್ಷದ ಕೊನೆಗೆ ಆಗಿದೆಯೋ ಇಲ್ಲವೋ ಎಂದು ಅದೇ ಸಭೆಗೆ ಲೆಕ್ಕ ಕೊಡಿ. ಆಗದಿದ್ದರೆ ಆ ದಾರಿ ಬಿಟ್ಟು ಬೇರೆ ದಾರಿ ಹಿಡಿಯಿರಿ.

ಇಪ್ಪತ್ತೈದು ವರ್ಷ ಈ ಸಂಘವನ್ನು ನಡೆಸಿದ ಹಿರಿಯರು ಮಳೆ, ಬಿಸಿಲು, ರೋಗ, ರುಜಿನ, ಎಲ್ಲ ಕಂಡವರು. ಅವರು ಕಾಲಕಾಲಕ್ಕೆ ಬದಲಾದದ್ದರಿಂದಲೇ ಇವತ್ತು ನಾವು ಈ ಚಪ್ಪರದ ಕೆಳಗೆ ಸೇರಿದ್ದೇವೆ. ಅವರಿಗೆ ಕೃತಜ್ಞತೆ ಸಲ್ಲಿಸುವ ಸರಿಯಾದ ರೀತಿಯೆಂದರೆ ಅವರು ಮಾಡಿದ್ದನ್ನೇ ಮಾಡುವುದಲ್ಲ. ಅವರು ಮಾಡಿದ ಹಾಗೆ ನಮ್ಮ ಕಾಲದ ಪ್ರಶ್ನೆಗೆ ನಾವೇ ಉತ್ತರ ಹುಡುಕುವುದು. ಸಂಘ ಸುವರ್ಣ ಮಹೋತ್ಸವವನ್ನೂ ಇದೇ ಸಂಭ್ರಮದಿಂದ ಆಚರಿಸಲಿ, ಆ ದಿನವೂ ಊರಿನ ಹಟ್ಟಿಗಳಲ್ಲಿ ಕರುಗಳ ಕೂಗು ಕೇಳುತ್ತಿರಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ.